ಹೊಲಗದ್ದೆ ವಾಹನಗಳ ಯಾಂತ್ರಿಕ ವೈಫಲ್ಯ: ಶ್ರೀರಂಗಪಟ್ಟಣ ಸೀಮೆ

ಡಾಂಬರು ರಸ್ತೆ ಬಿಟ್ಟು ಗದ್ದೆ, ಹೊಲ, ನಾಲೆಯ ಏರಿ, ಕಲ್ಲುಗಣಿ, ಬಂಡಿಜಾಡುಗಳಲ್ಲಿ ದುಡಿಯುವ ವಾಹನಗಳ ಭಾಗಗಳು ಸವೆಯುವ, ಬಿರಿಯುವ, ಮುರಿಯುವ ಮತ್ತು ಬಿಗಿದು ನಿಲ್ಲುವ ಬಗೆಗಳ ವಿವರಣೆ. ರಸ್ತೆಯಾಚೆಯ ವಾಹನ ಎಂದರೆ ನಾಲ್ಕೂ ಚಕ್ರ ಎಳೆಯುವ ಜೀಪು, ಇಲ್ಲವೇ ಮಣ್ಣುಹಾದಿಯ ರೇಸಿನ ಮೋಟಾರ್ ಸೈಕಲ್ಲು ಎಂಬ ಕಲ್ಪನೆ ಜಾಹೀರಾತುಗಳಿಂದ ಬಂದದ್ದು. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ರಸ್ತೆಯ ಹೊರಗೆ ನಿಜವಾಗಿ ದುಡಿಯುವುದು ಟ್ರ್ಯಾಕ್ಟರ್, ಪವರ್ ಟಿಲ್ಲರ್, ಕಬ್ಬಿನ ಟ್ರೇಲರ್, ಟಿಪ್ಪರ್ ಮತ್ತು ಹುಲ್ಲಿನ ಹೊರೆ ಹೊರುವ ಮೊಪೆಡ್. ಈ ಲೇಖನ ಅವನ್ನೇ ಮುಖ್ಯವಾಗಿಟ್ಟುಕೊಂಡಿದೆ. ಈ ಸೀಮೆಯ ಕೆಡುಕುಗಳನ್ನು ಒಟ್ಟಿಗೆ ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಮುರಿದು ಕೈಗೆ ಬರುವ ಭಾಗ ಒಂದಾದರೆ ಮೊದಲು ಸೋತ ಭಾಗ ಇನ್ನೊಂದು. ಗೇರಿನ ಹಲ್ಲು ಉದುರಿದ್ದಕ್ಕೆ ರಬ್ಬರಿನ ಆಯಿಲ್ ಸೀಲ್ ಕಾರಣವಾಗಿರಬಹುದು. ಪಿಸ್ಟನ್ ರಿಂಗು ಸವೆದದ್ದಕ್ಕೆ ಗಾಳಿ ಕೊಳವೆಯ ಸಡಿಲ ಕ್ಲಿಪ್ಪು ಕಾರಣವಾಗಿರಬಹುದು.

ನೆಲ ಮತ್ತು ಕಾಲ

ನಾಲ್ಕೂ ತಾಲ್ಲೂಕುಗಳು ಒಂದಕ್ಕೊಂದು ಅಂಟಿಕೊಂಡಿದ್ದರೂ ಯಂತ್ರಗಳಿಗೆ ಕೊಡುವ ಕಷ್ಟ ಒಂದೇ ತೆರನಾದುದಲ್ಲ. ಶ್ರೀರಂಗಪಟ್ಟಣ ಮತ್ತು ಪಾಂಡವಪುರದ ಬಹುಭಾಗ ಕಾವೇರಿಯ ಅಚ್ಚುಕಟ್ಟು. ಚಿಕ್ಕದೇವರಾಜ ಒಡೆಯರ ಹೆಸರಿನ ಹಳೆಯ ನಾಲೆ, ವಿರಿಜಾ ನಾಲೆ, ಕೃಷ್ಣರಾಜಸಾಗರದಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ, ಇವೆಲ್ಲ ಸೇರಿ ಇಲ್ಲಿ ಭತ್ತ ಮತ್ತು ಕಬ್ಬಿನ ಜಗತ್ತನ್ನು ಕಟ್ಟಿವೆ. ಕೃಷ್ಣರಾಜಪೇಟೆಗೆ ಹೇಮಾವತಿಯ ನೀರೂ ಬರುತ್ತದೆ. ನಾಗಮಂಗಲ ಬಹುಮಟ್ಟಿಗೆ ಮಳೆಯಾಶ್ರಿತ ರಾಗಿ, ಹುರುಳಿ, ತೆಂಗಿನ ನಾಡು. ಅಲ್ಲಿಯ ನೆಲ ಕೆಂಪು ಮರಳುಮಿಶ್ರಿತ. ಹೀಗಾಗಿ ನಾಲೆಯ ತಾಲ್ಲೂಕುಗಳ ಯಂತ್ರಗಳನ್ನು ಕೆಸರು ತಿನ್ನುತ್ತದೆ, ಮಳೆಯಾಶ್ರಿತ ನೆಲದವನ್ನು ಧೂಳು ತಿನ್ನುತ್ತದೆ.

ಕಾಲದ ಒತ್ತಡವೂ ಲೆಕ್ಕಕ್ಕೆ ಬರಬೇಕು. ಜಲಾಶಯ ತುಂಬಿ ನಾಲೆಗೆ ನೀರು ಬಿಟ್ಟೊಡನೆ ಇಡೀ ಬಯಲು ಒಂದೇ ಸಮಯಕ್ಕೆ ನಾಟಿಗೆ ಸಿದ್ಧವಾಗಬೇಕು. ಮಂಡ್ಯದ ಕಡೆಯ ಸಕ್ಕರೆ ಕಾರ್ಖಾನೆಗಳು ಅರೆಯಲು ತೊಡಗುವುದೂ ಹೆಚ್ಚುಕಡಿಮೆ ಅದೇ ಮಳೆಗಾಲದಲ್ಲಿ. ಹಗಲು ಗದ್ದೆಯ ಕೆಸರಲ್ಲಿ, ರಾತ್ರಿ ಕಬ್ಬಿನ ಲೋಡಿನಲ್ಲಿ ಓಡುವ ಟ್ರ್ಯಾಕ್ಟರಿಗೆ ಗ್ರೀಸು ಹೊಡೆಯುವ ಬಿಡುವು ಸಿಗುವುದಿಲ್ಲ. ಯಂತ್ರ ಕೆಡುವುದು ನಾಟಿಯ ವಾರದಲ್ಲೇ ಏಕೆ ಎಂದು ದೂರುವವರು ಈ ಲೆಕ್ಕವನ್ನು ಮರೆಯುತ್ತಾರೆ. ರಾಜ್ಯ ಸರ್ಕಾರ 2014ರಿಂದ ನಡೆಸುತ್ತಿರುವ ಕೃಷಿ ಯಂತ್ರಧಾರೆ ಕೇಂದ್ರಗಳಿಂದ ಸಣ್ಣ ರೈತರಿಗೂ ಯಂತ್ರಗಳು ಬಾಡಿಗೆಗೆ ಸಿಗುವಂತಾಯಿತು. ಆದರೆ ಸರ್ಕಾರದ್ದಿರಲಿ ಖಾಸಗಿಯದಿರಲಿ, ಗಂಟೆ ಲೆಕ್ಕದಲ್ಲಿ ಹಲವರ ಕೈ ದಾಟುವ ಯಂತ್ರದ ಎಣ್ಣೆ ಕಡ್ಡಿಯನ್ನು ದಿನಾ ಬೆಳಿಗ್ಗೆ ಎಳೆದು ನೋಡುವವರು ಕಡಿಮೆ.

ಹಳೆಯದೊಂದು ಸೋಲು

ಈ ನೆಲದಲ್ಲಿ ಗಾಡಿ ಎಳೆಯಲಾಗದೆ ಯೋಜನೆ ಕೈಬಿಟ್ಟ ಪ್ರಸಂಗಗಳಲ್ಲಿ ಅತಿ ದೊಡ್ಡದು 1791ರದು. ಮೂರನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷ್ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೇನೆಯನ್ನು ಹಿಮ್ಮೆಟ್ಟಿಸಿದ. ಶ್ರೀರಂಗಪಟ್ಟಣದ ಕೋಟೆ ಕಣ್ಣೆದುರಿಗಿತ್ತು. ಆದರೆ ಮುತ್ತಿಗೆಯ ಭಾರಿ ಫಿರಂಗಿಗಳನ್ನು ಎಳೆಯುವ ಎತ್ತುಗಳು ಮೇವಿಲ್ಲದೆ, ರೋಗ ಬಡಿದು ಸಾಯುತ್ತಿದ್ದವು; ಮಳೆಯೂ ಹಿಡಿದುಕೊಂಡಿತ್ತು. ಕೊನೆಗೆ ಅವನು ಕನ್ನಂಬಾಡಿಯ ಬಳಿ ತನ್ನ ಮುತ್ತಿಗೆ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಎದುರುಪಕ್ಷದಲ್ಲಿ ಅಮೃತಮಹಲ್ ತಳಿಯ ಎತ್ತುಗಳಿದ್ದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ಅರಮನೆಯ ದನಗಳ ಇಲಾಖೆಯಿಂದ ಬೆಳೆದು ಬಂದ, ಫಿರಂಗಿ ಎಳೆಯಲು ಹೆಸರಾದ ತಳಿ ಅದು. ಎಳೆಯುವ ಶಕ್ತಿ, ಹೊರೆ, ನೆಲ ಈ ಮೂರರ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದುಬಾರಿಯಾದ ಉದಾಹರಣೆ ಈ ಸೀಮೆಯಲ್ಲಿಲ್ಲ.

ಲೋಹ ಸೋಲುವ ಬಗೆ

ಉಕ್ಕಿನ ಭಾಗ ಒಂದೇ ಏಟಿಗೆ ಮುರಿಯುವುದು ಅಪರೂಪ. ಹೊರಲಾಗದ ಭಾರ ಒಮ್ಮೆಗೇ ಬಿದ್ದಾಗ ಅದು ಮೊದಲು ಬಾಗುತ್ತದೆ, ಆಮೇಲೆ ಹರಿಯುತ್ತದೆ. ಹೆಚ್ಚಿನ ಅಚ್ಚುಗಳೂ ಶಾಫ್ಟುಗಳೂ ಮುರಿಯುವುದು ಲೋಹದ ದಣಿವಿನಿಂದ. ಭಾಗ ತಡೆಯಬಲ್ಲ ಮಿತಿಯೊಳಗಿನ ಹೊರೆಯೇ ಲಕ್ಷಾಂತರ ಬಾರಿ ಬಂದುಹೋದಾಗ ಒಂದು ಗೀರು, ತೂತು ಇಲ್ಲವೇ ಚೂಪು ಮೂಲೆಯಿಂದ ಬಿರುಕು ಹುಟ್ಟಿ ನಿಧಾನವಾಗಿ ಒಳಕ್ಕೆ ಸಾಗುತ್ತದೆ. 1842ರ ಮೇ 8ರಂದು ಫ್ರಾನ್ಸಿನ ವರ್ಸೈಲ್ಸ್ ರೈಲು ದುರಂತದಲ್ಲಿ ಎಂಜಿನ್ನಿನ ಅಚ್ಚು ಮುರಿದ ಮೇಲೆ ಈ ವಿಷಯ ಗಂಭೀರ ಚರ್ಚೆಗೆ ಬಂತು. ಜರ್ಮನಿಯ ಆಗಸ್ಟ್ ವೋಲರ್ 1860ರ ದಶಕದಲ್ಲಿ ರೈಲು ಅಚ್ಚುಗಳ ಮೇಲೆ ನಡೆಸಿದ ಪ್ರಯೋಗಗಳು ಇದನ್ನು ಶಾಸ್ತ್ರವಾಗಿಸಿದವು.

ದಣಿದು ಮುರಿದ ಶಾಫ್ಟಿನ ಮುಖವನ್ನು ಡೀಸೆಲ್ಲಿನಲ್ಲಿ ತೊಳೆದು ಬೆಳಕಿಗೆ ಹಿಡಿದರೆ ಎರಡು ವಲಯ ಕಾಣುತ್ತವೆ. ಒಂದು ನುಣುಪಾದ ಭಾಗ. ಅದರ ಮೇಲೆ ಹೊಳೆಯಲ್ಲಿ ನೀರು ಇಳಿದಂತೆ ಮರಳದಂಡೆಯಲ್ಲಿ ಉಳಿಯುವ ಗೆರೆಗಳಂಥ ಬಾಗು ಗೆರೆಗಳು. ಇನ್ನೊಂದು ತರಿತರಿಯಾದ ಭಾಗ; ಕೊನೆಯಲ್ಲಿ ಉಳಿದಿದ್ದ ಲೋಹ ಒಮ್ಮೆಲೇ ಹರಿದ ಜಾಗ ಅದು. ಬಾಗು ಗೆರೆಗಳು ಯಾವ ಅಂಚಿನತ್ತ ಕೂಡುತ್ತವೆಯೋ ಅಲ್ಲೇ ಬಿರುಕು ಹುಟ್ಟಿದ್ದು. ತರಿ ಭಾಗ ಚಿಕ್ಕದಾಗಿದ್ದರೆ ಹೊರೆ ಹೆಚ್ಚೇನೂ ಇರಲಿಲ್ಲ, ಬಿರುಕು ಬಹುಕಾಲದಿಂದ ಬೆಳೆದಿತ್ತು ಎಂದರ್ಥ. ದೊಡ್ಡದಾಗಿದ್ದರೆ ಹೊರೆಯೇ ಅತಿಯಾಗಿತ್ತು. ಅನುಭವಿ ಮೆಕ್ಯಾನಿಕ್ಕು ಇದನ್ನು ಪುಸ್ತಕ ಓದದೆಯೂ ಬಲ್ಲ. ‘ಇದು ಇವತ್ತು ಕಟ್ ಆಗಿದ್ದಲ್ಲ’ ಎಂಬ ಅವನ ಮಾತಿನಲ್ಲಿ ಇಷ್ಟೂ ಅಡಗಿದೆ.

ಕೆಸರುಗದ್ದೆಯ ಕೆಡುಕು

ಭತ್ತದ ಗದ್ದೆಗೆ ನೀರು ಕಟ್ಟಿ ಕೆಸರು ಮಾಡುವಾಗ ಟ್ರ್ಯಾಕ್ಟರಿನ ಹಿಂದಿನ ಅಚ್ಚಿನವರೆಗೂ ರಾಡಿ ಬರುತ್ತದೆ. ಟೈರು ಜಾರದಿರಲೆಂದು ಕಬ್ಬಿಣದ ಕೇಜ್ ವ್ಹೀಲ್ ಹಾಕುತ್ತಾರೆ. ಟೈರಿನ ಹೊರಬದಿಗೆ ಸೇರಿಸುವ ಅರ್ಧ ಕೇಜ್ ಹಿಡಿತವನ್ನೇನೋ ಕೊಡುತ್ತದೆ. ಆದರೆ ಭಾರ ಬೀಳುವ ಜಾಗವನ್ನು ಅಚ್ಚಿನ ಬೇರಿಂಗಿನಿಂದ ಇನ್ನೂ ದೂರಕ್ಕೆ ಒಯ್ಯುವುದರಿಂದ ಶಾಫ್ಟಿನ ಮೇಲೆ ಬಾಗಿಸುವ ಬಲ ಹೆಚ್ಚುತ್ತದೆ. ಬದು ಹತ್ತಿ ಇಳಿಯುವಾಗ ಇಡೀ ತೂಕ ಒಂದು ಬದಿಯ ಕೇಜಿನ ಮೇಲೆ ಬೀಳುತ್ತದೆ. ಮೊದಲು ಬೇರಿಂಗಿನಲ್ಲಿ ಆಟ ಬರುತ್ತದೆ. ಆಟ ಬಂದ ಶಾಫ್ಟು ಅಲುಗಾಡಿ ಆಯಿಲ್ ಸೀಲಿನ ತುಟಿಯನ್ನು ಹರಿಯುತ್ತದೆ. ಅಲ್ಲಿಂದ ಎಣ್ಣೆ ಹೊರಗೆ, ಕೆಸರುನೀರು ಒಳಗೆ.

ಗೇರ್ ಬಾಕ್ಸಿನ ಎಣ್ಣೆ ಬೆಳ್ಳಗೆ ಕಲಕಿದ್ದರೆ ನೀರು ಸೇರಿದೆ ಎಂದು ತಿಳಿಯಬೇಕು. ಅಂಥ ಎಣ್ಣೆ ಬೇರಿಂಗಿಗೂ ಗೇರಿನ ಹಲ್ಲಿಗೂ ಬೇಕಾದ ತೆಳು ಪದರವನ್ನು ಕೊಡದು. ಮಣ್ಣಿನ ಕಣಗಳು ಸೇರಿದರಂತೂ ಅದು ಉಜ್ಜುವ ದ್ರವವೇ ಆಗುತ್ತದೆ. ತಿಂಗಳುಗಳ ನಂತರ ಕ್ರೌನ್ ಪಿನಿಯನ್ನಿನ ಹಲ್ಲಿನ ಮೇಲೆ ಗುಳಿಗಳೆದ್ದು, ಒಂದು ದಿನ ಡಿಫರೆನ್ಷಿಯಲ್ ಸದ್ದು ಮಾಡಿ ನಿಲ್ಲುತ್ತದೆ. ಆಗ ರೈತ ತರುವುದು ಕ್ರೌನ್ ಪಿನಿಯನ್ನಿನ ಸೆಟ್ಟನ್ನು. ಸೀಲು ಮತ್ತು ಬೇರಿಂಗನ್ನು ಬದಲಿಸದೆ ಅದನ್ನು ಕೂರಿಸಿದರೆ ಮುಂದಿನ ನಾಟಿಗೆ ಮತ್ತೆ ಅದೇ ಖರ್ಚು.

ಕ್ಲಚ್ಚಿನದು ಇನ್ನೂ ಸರಳವಾದ, ಆದ್ದರಿಂದಲೇ ಬೇಸರ ತರಿಸುವ ಕತೆ. ಹಲವು ಟ್ರ್ಯಾಕ್ಟರುಗಳ ಕ್ಲಚ್ ಹೌಸಿಂಗಿನ ತಳದಲ್ಲಿ ಒಳಗೆ ಜಿನುಗಿದ ಎಣ್ಣೆ ಹೊರಹೋಗಲೆಂದು ಒಂದು ಸಣ್ಣ ತೂತು ಇರುತ್ತದೆ. ಕೆಸರಿಗೆ ಇಳಿಯುವ ಮುಂಚೆ ಅದಕ್ಕೆ ಬಿರಡೆ ಹಾಕಬೇಕು, ಕೆಲಸ ಮುಗಿದ ಮೇಲೆ ತೆಗೆಯಬೇಕು. ಹಾಕದಿದ್ದರೆ ರಾಡಿ ಒಳಹೋಗಿ ಕ್ಲಚ್ ಪ್ಲೇಟ್ ಜಾರುತ್ತದೆ ಇಲ್ಲವೇ ಫ್ಲೈವ್ಹೀಲಿಗೆ ಕಚ್ಚಿಕೊಳ್ಳುತ್ತದೆ. ತೆಗೆಯದಿದ್ದರೆ ಜಿನುಗಿದ ಎಣ್ಣೆ ಒಳಗೇ ನಿಂತು ಪ್ಲೇಟನ್ನು ಹಾಳುಮಾಡುತ್ತದೆ. ಕ್ಲಚ್ ಪೆಡಲಿನ ಮೇಲೆ ಸದಾ ಕಾಲಿಟ್ಟು ಓಡಿಸುವ ಚಟವೂ ಸೇರಿದರೆ ಪ್ಲೇಟಿನ ಆಯಸ್ಸು ಇನ್ನಷ್ಟು ಕುಗ್ಗುತ್ತದೆ. ಒಣ ಡಿಸ್ಕ್ ಬ್ರೇಕಿಗೂ ಇದೇ ಕಾಟ. ಎಣ್ಣೆಯಲ್ಲಿ ಮುಳುಗಿರುವ ಬ್ರೇಕುಗಳು ಬಂದ ಮೇಲೆ ಅದು ಬಹಳ ಕಡಿಮೆಯಾಗಿದೆ.

ಹೂತ ಟ್ರ್ಯಾಕ್ಟರನ್ನು ಎತ್ತುವಾಗ ಭಾಗಗಳಿಗಿಂತ ಪ್ರಾಣಕ್ಕೇ ಹೆಚ್ಚು ಅಪಾಯ. ಚಕ್ರಕ್ಕೆ ಮರದ ದಿಮ್ಮಿ ಕಟ್ಟಿ ಗೇರಿಗೆ ಹಾಕಿದಾಗ ಚಕ್ರ ಉರುಳದೆ ಕಚ್ಚಿಕೊಂಡರೆ, ಟ್ರ್ಯಾಕ್ಟರಿನ ದೇಹವೇ ಹಿಂದಿನ ಅಚ್ಚಿನ ಸುತ್ತ ತಿರುಗಿ ಮೂತಿ ಮೇಲೆದ್ದು ಹಿಂದಕ್ಕೆ ಮಗುಚುತ್ತದೆ. ಚಾಲಕ ಕ್ಲಚ್ ಒತ್ತುವಷ್ಟು ಹೊತ್ತೂ ಸಿಗುವುದಿಲ್ಲ. ಅಚ್ಚಿಗಿಂತ ಎತ್ತರದಲ್ಲಿ ಸರಪಳಿ ಕಟ್ಟಿ ಎಳೆದರೂ ಇದೇ ಗತಿ. 1917ರಿಂದ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರುಗಳು ಹೀಗೆ ಮಗುಚಿ ಅನೇಕರನ್ನು ಬಲಿ ತೆಗೆದುಕೊಂಡಿದ್ದವು. ಹ್ಯಾರಿ ಫರ್ಗ್ಯುಸನ್ ರೂಪಿಸಿದ ಮೂರು ಬಿಂದುಗಳ ಜೋಡಣೆಯ ಹಿಂದೆ ಈ ಅಪಾಯವನ್ನು ತಡೆಯುವ ಉದ್ದೇಶವೂ ಇತ್ತು. ಇಂದು ನೇಗಿಲು, ರೊಟವೇಟರುಗಳನ್ನು ಟ್ರ್ಯಾಕ್ಟರಿಗೆ ಕಟ್ಟುವುದು ಅದೇ ಜೋಡಣೆಯಿಂದ.

ಪವರ್ ಟಿಲ್ಲರ್

ಸಣ್ಣ ಹಿಡುವಳಿಯ ಗದ್ದೆಗೆ ಟಿಲ್ಲರೇ ಸರಿ ಎಂಬುದು ಈ ಭಾಗದ ಹಳೆಯ ನಂಬಿಕೆ. 1967ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ತಯಾರಿಸಿದ ‘ಶಕ್ತಿ’ ಟಿಲ್ಲರು ಕರ್ನಾಟಕದ ಗದ್ದೆಗಳಲ್ಲಿ ಬಹಳ ಪರಿಚಿತ. ಇದರ 13 ಅಶ್ವಶಕ್ತಿಯ ಡೀಸೆಲ್ ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ಶಕ್ತಿ ಹೋಗುವುದು ವಿ-ಬೆಲ್ಟುಗಳ ಮೂಲಕ. ಬೆಲ್ಟು ಎಣ್ಣೆಯಿಂದಲೋ ಕೆಸರಿನಿಂದಲೋ ಜಾರಿ ಸುಟ್ಟು ಹರಿಯುತ್ತದೆ. ಹರಿದದ್ದನ್ನು ಮಾತ್ರ ಬದಲಿಸುವುದು ತಪ್ಪು ಉಳಿತಾಯ: ಹಳೆಯವು ಹಿಗ್ಗಿರುವುದರಿಂದ ಹೊರೆಯೆಲ್ಲ ಹೊಸದರ ಮೇಲೇ ಬಿದ್ದು ಅದು ಬೇಗ ಹೋಗುತ್ತದೆ, ಬದಲಿಸುವುದಾದರೆ ಜೊತೆಯಲ್ಲೇ ಬದಲಿಸಬೇಕು. ರೋಟರಿ ಶಾಫ್ಟಿಗೆ ಹುಲ್ಲು, ಕಬ್ಬಿನ ರವದಿ, ಪ್ಲಾಸ್ಟಿಕ್ ದಾರ ಸುತ್ತಿಕೊಂಡು ಸೀಲನ್ನು ಕೊಯ್ಯುವುದು ಇನ್ನೊಂದು ಸಾಮಾನ್ಯ ಕೆಡುಕು. ಚೈನ್ ಕೇಸಿನೊಳಗೆ ಕೆಸರು ಸೇರಿ ಸರಪಳಿ ಹಿಗ್ಗುತ್ತದೆ, ಕೊನೆಗೆ ತುಂಡಾಗುತ್ತದೆ. ಒಂದೇ ಸಿಲಿಂಡರಿನ ಎಂಜಿನ್ನಿನ ನಡುಕ ಬೋಲ್ಟುಗಳನ್ನು ಸಡಿಲಿಸುವುದರಿಂದ ಹಿಡಿಯ ಬುಡದ ವೆಲ್ಡಿಂಗು ಬಿರಿಯುವುದೂ ಉಂಟು.

ಮುರಿಯಲೆಂದೇ ಮಾಡಿದ ಬೋಲ್ಟು

ಎಂಜಿನ್ನಿನ ಶಕ್ತಿಯನ್ನು ಹಿಂದೆ ಕಟ್ಟಿದ ಉಪಕರಣಕ್ಕೆ ಕೊಡುವ ಟ್ರ್ಯಾಕ್ಟರಿನ ಪಿಟಿಒ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗಿ ರೊಟವೇಟರನ್ನು ಓಡಿಸುತ್ತದೆ. ಎಲ್ ಆಕಾರದ ಬ್ಲೇಡುಗಳು ಸವೆಯುವುದು ಸಹಜ, ಅದು ಅವುಗಳ ಕೆಲಸ. ತೊಂದರೆ ಬರುವುದು ಕಲ್ಲಿಗೋ ತೆಂಗಿನ ಬೇರಿಗೋ ಬ್ಲೇಡು ತಾಗಿದಾಗ. ಆ ಏಟು ಗೇರ್ ಬಾಕ್ಸಿಗೆ ಮುಟ್ಟದಿರಲೆಂದು ಶಾಫ್ಟಿನಲ್ಲಿ ಶಿಯರ್ ಬೋಲ್ಟನ್ನೋ ಜಾರುವ ಕ್ಲಚ್ಚನ್ನೋ ಇಟ್ಟಿರುತ್ತಾರೆ. ಬೋಲ್ಟು ಕತ್ತರಿಸಿ ಹೋದರೆ ಅದು ತನ್ನ ಕರ್ತವ್ಯ ಮಾಡಿದೆ. ಪದೇ ಪದೇ ಕಟ್ ಆಗುತ್ತದೆಂದು ಅದರ ಜಾಗಕ್ಕೆ ಗಟ್ಟಿ ಬೋಲ್ಟು ಹಾಕುವುದು ಎಲ್ಲೆಡೆ ಕಾಣುವ ರೂಢಿ. ಬೋಲ್ಟಿನ ತಲೆಯ ಮೇಲೆ 8.8, 10.9, 12.9 ಎಂಬ ಅಂಕಿಗಳಿರುತ್ತವೆ. ಅಂಕಿ ಏರಿದಂತೆ ಬಲವೂ ಏರುತ್ತದೆ. ತಯಾರಕರು ಹೇಳಿದ ದರ್ಜೆಗಿಂತ ಬಲವಾದುದನ್ನು ಹಾಕಿದರೆ ಮುಂದಿನ ಕಲ್ಲಿಗೆ ಮುರಿಯುವುದು ಶಾಫ್ಟಿನ ಕ್ರಾಸೋ ಗೇರಿನ ಹಲ್ಲೋ ಆಗಿರುತ್ತದೆ. ಈ ಸೀಮೆಯ ದುರಸ್ತಿ ಪದ್ಧತಿಗಳಲ್ಲಿ ಇಷ್ಟು ನಷ್ಟ ತರುವ ಜಾಣತನ ಬೇರೊಂದಿಲ್ಲ.

ಕಬ್ಬಿನ ಲೋಡು

1933ರಲ್ಲಿ ಸ್ಥಾಪನೆಯಾದ ಮಂಡ್ಯದ ಮೈಷುಗರ್, ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ, ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿಯ ಕಾರ್ಖಾನೆ ಮತ್ತು ಊರೂರಿನ ಆಲೆಮನೆಗಳು ಟ್ರ್ಯಾಕ್ಟರನ್ನು ಸಾಗಣೆಯ ವಾಹನವನ್ನಾಗಿಸಿವೆ. ಎಳೆಯಲು ಹುಟ್ಟಿದ ಯಂತ್ರಕ್ಕೆ ಎಳೆತವೇನೂ ಕಷ್ಟವಲ್ಲ. ಕಷ್ಟವಿರುವುದು ತಡೆದು ನಿಲ್ಲಿಸುವುದರಲ್ಲಿ. ಬ್ರೇಕಿಲ್ಲದ ಟ್ರೇಲರು ಇಳಿಜಾರಿನಲ್ಲಿ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುತ್ತದೆ. ಗದ್ದೆಯಿಂದ ರಸ್ತೆಗೆ ಏರುವ ಮೂಲೆಯಲ್ಲಿ ಹುಕ್ಕಿನ ಪಿನ್ನು, ಟ್ರೇಲರಿನ ಮೂತಿಯ ವೆಲ್ಡಿಂಗು, ಹಬ್ ಬೇರಿಂಗು, ಸ್ಪ್ರಿಂಗ್ ಪ್ಲೇಟುಗಳು ಒಟ್ಟಿಗೆ ಪರೀಕ್ಷೆಗೆ ಒಳಗಾಗುತ್ತವೆ. ಹುಕ್ಕಿನ ಮೇಲೆ ಲೋಡು ಹೆಚ್ಚಾದರೆ ಟ್ರ್ಯಾಕ್ಟರಿನ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಹಿಡಿತ ತಪ್ಪುತ್ತದೆ; ಎದ್ದ ಚಕ್ರ ಗುಂಡಿಗೆ ಬಿದ್ದು ಟೈ ರಾಡ್ ಬಾಗುತ್ತದೆ. ಚಕ್ರದ ನಟ್ಟು ಸಡಿಲವಿದ್ದರೆ ಸ್ಟಡ್ಡುಗಳು ಒಂದೊಂದಾಗಿ ಕತ್ತರಿಸುತ್ತವೆ. ಹುಕ್ಕಿನ ಪಿನ್ನಿನ ಬದಲು ಕೈಗೆ ಸಿಕ್ಕ ಕಬ್ಬಿಣದ ಸರಳು ಹಾಕಿ ಹೆದ್ದಾರಿಗೆ ಇಳಿಯುವುದು ಇತರರ ಜೀವದ ಜೊತೆ ಆಡುವ ಆಟ.

ಧೂಳು ಮತ್ತು ಕಲ್ಲು

ನಾಗಮಂಗಲದ ಕಡೆ ಬೇಸಿಗೆ ಉಳುಮೆ, ರಾಗಿ ಒಕ್ಕಣೆ ಎರಡರಲ್ಲೂ ಎಂಜಿನ್ನು ಉಸಿರಾಡುವುದು ಧೂಳನ್ನೇ. ಕೆಂಪು ಮಣ್ಣಿನ ಧೂಳಿನಲ್ಲಿ ಬೆಣಚುಕಲ್ಲಿನ ಪುಡಿ ಇರುತ್ತದೆ. ಮೋಸ್ ಮಾಪಕದಲ್ಲಿ ಅದರ ಗಡಸುತನ 7. ಏರ್ ಕ್ಲೀನರಿನ ಎಣ್ಣೆ ಬಟ್ಟಲನ್ನು ಧೂಳಿನ ಕೆಲಸವಿದ್ದಾಗ ದಿನಕ್ಕೊಮ್ಮೆಯಾದರೂ ನೋಡಬೇಕು. ಎಣ್ಣೆ ಗಟ್ಟಿಯಾಗಿದ್ದರೆ, ಅಥವಾ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದ್ದರೆ, ಧೂಳು ನೇರವಾಗಿ ಲೈನರಿಗೆ ಇಳಿಯುತ್ತದೆ. ರಿಂಗು ಸವೆದು, ಎಣ್ಣೆ ಸುಟ್ಟು ನೀಲಿ ಹೊಗೆ ಬರುತ್ತದೆ, ಎಳೆತ ಕುಗ್ಗುತ್ತದೆ. ‘ಎಂಜಿನ್ ಬೋರಿಗೆ ಬಂತು’ ಎನ್ನುವುದು ಈ ಸ್ಥಿತಿಗೆ. ರೇಡಿಯೇಟರಿನ ರೆಕ್ಕೆಗಳಿಗೆ ಹೊಟ್ಟು ತುಂಬಿಕೊಂಡರೆ ನೀರು ಕುದಿದು ಹೆಡ್ ಗ್ಯಾಸ್ಕೆಟ್ ಹೋಗುತ್ತದೆ. ಬಾಯಿ ತೆರೆದ ಡ್ರಮ್ಮಿನಲ್ಲಿಟ್ಟ ಡೀಸೆಲ್ಲಿನ ನೀರು ಮತ್ತು ಕಸ ಫ್ಯುಯೆಲ್ ಪಂಪಿಗೆ ವಿಷ. ಅದರ ಒಳಭಾಗಗಳ ನಡುವಿನ ಸಂದು ಕೆಲವೇ ಮೈಕ್ರಾನಿನಷ್ಟು.

ಕಲ್ಲುಗಣಿ ಪ್ರದೇಶಗಳಲ್ಲಿ ಟಿಪ್ಪರುಗಳ ಸ್ಪ್ರಿಂಗು, ಟೈರಿನ ಪಕ್ಕೆ, ಹೈಡ್ರಾಲಿಕ್ ಹೋಸುಗಳು ಹೆಚ್ಚು ಪೆಟ್ಟು ತಿನ್ನುತ್ತವೆ. 

ಎರಡು ಚಕ್ರ

ಮಣ್ಣುಹಾದಿಯ ಮೋಟಾರ್ ಸೈಕಲ್ಲಿನ ಚರಿತ್ರೆಯಲ್ಲಿ ಮೈಸೂರಿಗೆ ತನ್ನದೇ ಜಾಗವಿದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ, ಮುಂದೆ ಯೆಜ್ಡಿ ಹೆಸರಿನ ಎರಡು ಸ್ಟ್ರೋಕಿನ ವಾಹನಗಳನ್ನು ತಯಾರಿಸಿತು. ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಮರೆತರೆ ಪಿಸ್ಟನ್ನು ಸಿಲಿಂಡರಿಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತಿತ್ತು. ಕ್ರ್ಯಾಂಕಿನ ಸೀಲು ಗಾಳಿ ಬಿಟ್ಟರೂ ಮಿಶ್ರಣ ತೆಳುವಾಗಿ, ಶಾಖ ಏರಿ ಅದೇ ಗತಿ. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರಿನಿಂದ ಆಗುತ್ತಿದ್ದುದರಿಂದ ಆ ಶಾಫ್ಟಿನ ಹಲ್ಲುಗಳು ಸವೆಯುವುದು ಜಾವಾ ಸವಾರರಿಗೆಲ್ಲ ಗೊತ್ತಿದ್ದ ಕಾಯಿಲೆ.

ಇಂದು ನಾಲೆಯ ಏರಿಯ ನಿಜವಾದ ಡರ್ಟ್ ಬೈಕ್ ಟಿವಿಎಸ್ ಎಕ್ಸ್‌ಎಲ್. 1980ರ ಟಿವಿಎಸ್ 50ರಿಂದ ಬಂದ ಈ ವಂಶ 2015ರ ಎಕ್ಸ್‌ಎಲ್ 100ರಲ್ಲಿ ನಾಲ್ಕು ಸ್ಟ್ರೋಕಿಗೆ ಹೊರಳಿತು. ಹಾಲಿನ ಕ್ಯಾನು, ಹಸಿ ಹುಲ್ಲು, ಗೊಬ್ಬರದ ಮೂಟೆ ಹೊತ್ತ ಇದರಲ್ಲಿ ಹಿಂದಿನ ಚಕ್ರದ ಕಡ್ಡಿಗಳು ತುಂಡಾಗುತ್ತವೆ, ರಿಮ್ಮು ಸೊಟ್ಟಗಾಗುತ್ತದೆ, ಸ್ಪ್ರಾಕೆಟ್ಟಿನ ಹಲ್ಲು ಕೊಕ್ಕೆಯಾಗಿ ಚೈನು ಕಳಚುತ್ತದೆ, ಏರಿನಲ್ಲಿ ಸ್ವಯಂಚಾಲಿತ ಕ್ಲಚ್ಚಿನ ಶೂಗಳು ಜಾರಿ ಸುಡುತ್ತವೆ. ಒಂದು ಕಡ್ಡಿ ಹೋದರೆ ಅದರ ಪಾಲಿನ ಹೊರೆ ಅಕ್ಕಪಕ್ಕದವುಗಳ ಮೇಲೆ ಬೀಳುವುದರಿಂದ ಮೊದಲನೆಯದನ್ನು ಕಂಡ ದಿನವೇ ಕಟ್ಟಿಸಬೇಕು.

ರೇಸಿನ ಡರ್ಟ್ ಬೈಕುಗಳಲ್ಲಿ ಫೋರ್ಕಿನ ಸೀಲು, ಕಡ್ಡಿ, ಲಿವರು, ಕ್ಲಚ್ಚು ಮೊದಲು ಹೋಗುತ್ತವೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿ ಪೂರೈಸಿದ ಮೊದಲ ಭಾರತೀಯ, ಉಡುಪಿಯ ಕೆ. ಪಿ. ಅರವಿಂದ್ 2019ರಲ್ಲಿ 37ನೆಯವರಾಗಿ ಮುಗಿಸಿದರು. ಆ ರ್‍ಯಾಲಿಯ ಮ್ಯಾರಥಾನ್ ಹಂತದಲ್ಲಿ ತಂಡದ ಮೆಕ್ಯಾನಿಕ್ಕುಗಳ ನೆರವು ಸಿಗುವುದಿಲ್ಲ, ರಾತ್ರಿ ಸವಾರನೇ ದುರಸ್ತಿ ಮಾಡಿಕೊಳ್ಳಬೇಕು. ನಟ್ಟನಡು ಗದ್ದೆಯಲ್ಲಿ ಬೆಲ್ಟು ಹರಿದ ಟಿಲ್ಲರಿನವನಿಗೆ ಈ ನಿಯಮ ಹೊಸದೆನಿಸದು.

ದುರಸ್ತಿ

ತಾಲ್ಲೂಕು ಕೇಂದ್ರಗಳಲ್ಲಿ ಗ್ಯಾರೇಜು, ಲೇತು, ವೆಲ್ಡಿಂಗ್ ಅಂಗಡಿ ಈ ಮೂರೂ ಅಕ್ಕಪಕ್ಕ ಇರುತ್ತವೆ. ಸವೆದ ಶಾಫ್ಟಿಗೆ ಲೋಹ ತುಂಬಿ ಲೇತಿನಲ್ಲಿ ಹದಕ್ಕೆ ತರುವುದು, ಬುಷ್ ಹೊಡೆಯುವುದು ಇಲ್ಲಿಯ ಕುಶಲತೆ. ವೆಲ್ಡಿಂಗಿಗೆ ಮಾತ್ರ ಮಿತಿ ಇದೆ. ಅಚ್ಚಿನ ಉಕ್ಕಿನಲ್ಲಿ ಇಂಗಾಲ ಹೆಚ್ಚಿರುವುದರಿಂದ, ಮೊದಲೇ ಕಾಯಿಸದೆ ಬೆಸೆದು ಬೇಗ ತಣಿಸಿದರೆ ಬೆಸುಗೆಯ ಪಕ್ಕದ ಲೋಹ ಪೆಡಸಾಗಿ ಅಲ್ಲಿಯೇ ಮತ್ತೆ ಮುರಿಯುತ್ತದೆ. ಬೀಡಿನ ಹೌಸಿಂಗಿಗೆ ನಿಕ್ಕಲ್ ರಾಡು, ನಿಧಾನದ ತಣಿಸುವಿಕೆ ಅಥವಾ ಹಿತ್ತಾಳೆ ಬೆಸುಗೆ ಬೇಕು. ಸ್ಟೇರಿಂಗಿನ ಮತ್ತು ಬ್ರೇಕಿನ ಭಾಗಗಳನ್ನು ಬೆಸೆದು ಓಡಿಸಬಾರದು, ಬದಲಿಸಬೇಕು.

ಮುರಿದ ತುಂಡನ್ನು ತೊಳೆದು ಗುಜರಿಗೆ ಹಾಕುವ ಮುಂಚೆ ಮೆಕ್ಯಾನಿಕ್ಕಿಗೆ ತೋರಿಸಿ, ಬಿರುಕು ಎಲ್ಲಿ ಹುಟ್ಟಿತೆಂದು ಕೇಳುವುದು ಹೊಸ ಭಾಗ ಕೊಳ್ಳುವಷ್ಟೇ ಮುಖ್ಯ. ಹೊಸ ದೊಡ್ಡ ಯಂತ್ರಗಳಿಗೆ ಇಷ್ಟೇ ಸಾಲದು: 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೆ ಬಿಗಿಯಾದ ಹೊಗೆ ನಿಯಮ ಜಾರಿಗೆ ಬಂದು, ಅವುಗಳಲ್ಲಿ ಎಲೆಕ್ಟ್ರಾನಿಕ್ ಇಂಧನ ನಿಯಂತ್ರಣ ಸೇರಿಕೊಂಡಿದೆ. ಅವುಗಳ ದೋಷ ಹುಡುಕಲು ಸ್ಪ್ಯಾನರಿನ ಜೊತೆಗೆ ಸ್ಕ್ಯಾನರೂ ಬೇಕು. ಭಾರತದಲ್ಲಿ ಮಾರಾಟವಾಗುವ ಬಹುಪಾಲು ಟ್ರ್ಯಾಕ್ಟರುಗಳು 50 ಅಶ್ವಶಕ್ತಿಯೊಳಗಿನವು, ಆ ನಿಯಮದ ಆಚೆ ಇರುವಂಥವು. ಅವನ್ನು ಊರಿನ ಗ್ಯಾರೇಜಿನಲ್ಲೇ ಬಿಚ್ಚಿ ಜೋಡಿಸಬಹುದು.